‘ಆರಂಭದಲ್ಲೇ 45 ಸಾವಿರ ಸಂಬಳ’: ಕಾಫಿ ಸೀಮೆಯ ಗುಂಪುಗಳಿಗೆ ಬರುವ ಉದ್ಯೋಗ ಸಂದೇಶವನ್ನು ಓದುವುದು ಹೇಗೆ?

“ಕಾಫಿ ಕಂಪನಿಯಲ್ಲಿ ನೇರ ನೇಮಕಾತಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಯಾವುದೇ ಪದವಿ ಆದವರು ಬರಬಹುದು. ಅನುಭವ ಬೇಡ, ಪರೀಕ್ಷೆ ಇಲ್ಲ. ಆರಂಭಿಕ ಸಂಬಳ 25,000ದಿಂದ 45,000. ಊಟ, ವಸತಿ ಉಚಿತ. ಕೆಲವೇ ಹುದ್ದೆ ಬಾಕಿ. ಬಡ ಮಕ್ಕಳಿಗೆ ಉಪಯೋಗವಾಗಲಿ, ಎಲ್ಲ ಗುಂಪುಗಳಿಗೂ ಕಳುಹಿಸಿ.”

ಇಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಚಿಕ್ಕಮಗಳೂರಿನ ಕಾಲೇಜು ಗುಂಪಿಗಾಗಲಿ, ಮೂಡಿಗೆರೆಯ ಸ್ವಸಹಾಯ ಸಂಘದ ಗುಂಪಿಗಾಗಲಿ, ಕಳಸದ ಊರಿನ ಗುಂಪಿಗಾಗಲಿ ಬರುವ ಸಂದೇಶಗಳ ಧಾಟಿ ಬಹುತೇಕ ಇದೇ. ಕಂಪನಿಯ ಹೆಸರು ಬದಲಾಗುತ್ತದೆ, ಕೆಳಗಿನ ಮೊಬೈಲ್ ನಂಬರ್ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಕಳುಹಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸುತ್ತಾರೆ. ಮನೆಯಲ್ಲಿ ಡಿಗ್ರಿ ಮುಗಿಸಿ ಕೂತ ಮಗನೋ ಮಗಳೋ ಇದ್ದರೆ ಯಾರಿಗಾದರೂ ಆಸೆ ಹುಟ್ಟುತ್ತದೆ.

ಇಂಥ ಸಂದೇಶಗಳೆಲ್ಲ ಸುಳ್ಳಲ್ಲ, ಕೆಲವು ನಿಜವಾದ ಕೆಲಸದ ಜಾಹೀರಾತುಗಳೇ. ಆದರೆ ನಿಜವಾದ ಕೆಲಸದಲ್ಲೂ ಸಂದೇಶದಲ್ಲಿ ಬರೆದ ಅಂಕಿ ಸಾಮಾನ್ಯವಾಗಿ ನಿಮ್ಮ ಕೈಗೆ ಬರುವ ಸಂಬಳ ಆಗಿರುವುದಿಲ್ಲ. ಸುಳ್ಳು ಕೆಲಸವಾದರೆ ಆ ಅಂಕಿ ಬರೀ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಎರಡನ್ನೂ ಬಿಡಿಸಿ ನೋಡೋಣ.

25 ಸಾವಿರ ಎಂದರೆ ಎಷ್ಟು?

ಕಂಪನಿಗಳು ಹೇಳುವ ಸಂಬಳ ಹೆಚ್ಚಾಗಿ ‘ಸಿಟಿಸಿ’. ಅಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ ನಿಮಗೆ ತಿಂಗಳು ತಿಂಗಳು ಬರುವ ಹಣವೂ ಇರುತ್ತದೆ, ಮುಂದೆಂದೋ ಬರುವ ಹಣವೂ ಇರುತ್ತದೆ, ಬಂದರೂ ಬರಬಹುದು ಬಾರದೆಯೂ ಇರಬಹುದಾದ ಹಣವೂ ಇರುತ್ತದೆ.

ವರ್ಷಕ್ಕೆ 3 ಲಕ್ಷ ಸಿಟಿಸಿ ಎಂದು ಆಫರ್ ಲೆಟರ್ ಬಂತು ಎಂದಿಟ್ಟುಕೊಳ್ಳಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 25,000. ಮನೆಯಲ್ಲಿ ಎಲ್ಲರಿಗೂ ಹೇಳುವುದು ಈ ಅಂಕಿಯನ್ನೇ. ಈಗ ಒಳಗೆ ನೋಡಿ. ಇದರಲ್ಲಿ 2,000 ‘ವೇರಿಯಬಲ್ ಪೇ’, ಅಂದರೆ ಗುರಿ ಮುಟ್ಟಿದರೆ ಮಾತ್ರ ವರ್ಷದ ಕೊನೆಗೆ ಕೊಡುವ ಹಣ ಎನ್ನೋಣ. ಮೂಲ ವೇತನ 12,500 ಆಗಿದ್ದರೆ ಅದರ ಶೇ. 12ರಷ್ಟು, ಅಂದರೆ 1,500 ರೂಪಾಯಿ, ಕಂಪನಿ ಕಟ್ಟಬೇಕಾದ ಪಿಎಫ್. ಗ್ರಾಚ್ಯುಟಿಗೆಂದು ಮೂಲ ವೇತನದ ಶೇ. 4.81ರ ಲೆಕ್ಕದಲ್ಲಿ ಸುಮಾರು 600 ಎತ್ತಿಡುತ್ತಾರೆ. ಇಎಸ್‌ಐಗೆ ಕಂಪನಿಯ ಪಾಲು ಶೇ. 3.25, ಅದು ಸುಮಾರು 658. ಇಷ್ಟೆಲ್ಲ ಕಳೆದರೆ ಉಳಿಯುವುದು 20,242. ಇದು ‘ಗ್ರಾಸ್’ ಸಂಬಳ. ಇದರಲ್ಲೂ ನಿಮ್ಮ ಪಾಲಿನ ಪಿಎಫ್ 1,500, ನಿಮ್ಮ ಪಾಲಿನ ಇಎಸ್‌ಐ ಶೇ. 0.75ರಂತೆ 152 ಕಡಿತ. ಕೊನೆಗೆ ಬ್ಯಾಂಕ್ ಖಾತೆಗೆ ಬೀಳುವುದು 18,590.

25 ಸಾವಿರ ಎಂದು ಹೇಳಿ ಹದಿನೆಂಟೂವರೆ ಕೊಟ್ಟರೆ ಅದು ಮೋಸವೇ? ಅಲ್ಲ. ಪಿಎಫ್‌ನ ಎರಡೂ ಪಾಲು ನಿಮ್ಮದೇ ಹಣ. ಕಂಪನಿಯ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಪಿಎಫ್ ಖಾತೆಗೆ. ಗ್ರಾಸ್ ಸಂಬಳ 21,000 ದಾಟದವರಿಗೆ ಇರುವ ಇಎಸ್‌ಐಯಿಂದ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಬಿದ್ದ ದಿನಗಳಿಗೆ ಭತ್ಯೆಯೂ ಸಿಗುತ್ತದೆ. ಹಾಗಾಗಿ ‘ಕಟಿಂಗ್ ಇಲ್ಲ, ಪೂರ್ತಿ ಕ್ಯಾಶ್’ ಎಂದು ಹೇಳುವ ಕೆಲಸ ಕೇಳಲು ಚೆಂದ, ಆದರೆ ಅಲ್ಲಿ ಈ ಎರಡೂ ಇಲ್ಲ ಎಂದೇ ಅರ್ಥ. ಗ್ರಾಚ್ಯುಟಿ ಮಾತ್ರ ಬೇರೆ ಕತೆ. ಸಾಮಾನ್ಯವಾಗಿ 5 ವರ್ಷ ದುಡಿದರೆ ಮಾತ್ರ ಅದು ಕೈಗೆ ಬರುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯ ಪ್ರಕಾರ ನಿಗದಿತ ಅವಧಿಗೆ ನೇಮಕವಾದವರಿಗೆ ಈ ಮಿತಿ ಒಂದು ವರ್ಷ. ಮೂರು ವರ್ಷಕ್ಕೇ ಬಿಡುವ ಯೋಚನೆ ಇರುವವರು ಸಿಟಿಸಿಯಲ್ಲಿ ಆ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ವೃತ್ತಿ ತೆರಿಗೆಯ ಬಗ್ಗೆ ಅನೇಕರು ಕೇಳುತ್ತಾರೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದ ಮೇಲಷ್ಟೇ ಅದು ಅನ್ವಯ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲದ ಕಾರಣ ಮೊದಲ ಕೆಲಸದವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೆಂಗಳೂರಿನ ಕೆಲಸವೋ, ತೋಟದ ರೈಟರ್ ಕೆಲಸವೋ?

ಮಲೆನಾಡಿನ ಮನೆಗಳಲ್ಲಿ ಈ ಪ್ರಶ್ನೆ ಊಟದ ಹೊತ್ತಿಗೆ ಬಂದೇ ಬರುತ್ತದೆ. ಮೇಲಿನ 18,590ನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಪಿಜಿಗೆ ಊಟ ಸೇರಿ 8,000, ಓಡಾಟಕ್ಕೆ 1,500, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಲು 1,500, ಕೈಖರ್ಚಿಗೆ 2,500 ಎಂದು ಹಿಡಿದರೆ ಉಳಿಯುವುದು 5,090. ಇನ್ನೊಂದು ಕಡೆ, ತೋಟವೊಂದರಲ್ಲಿ ರೈಟರ್ ಕೆಲಸ, ಸಂಬಳ 13,000, ಕ್ವಾರ್ಟರ್ಸ್ ಉಚಿತ ಎನ್ನೋಣ. ಪಿಎಫ್ 1,560 ಕಳೆದರೆ 11,440. ಊಟಕ್ಕೆ 4,000, ಕೈಖರ್ಚಿಗೆ 1,500 ಹೋದರೆ ಉಳಿಯುವುದು 5,940. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬಾಡಿಗೆ, ನಿಮ್ಮ ಬಸ್ ಚಾರ್ಜು ಹಾಕಿ ನೀವೇ ಲೆಕ್ಕ ಮಾಡಿ. ಇಷ್ಟಂತೂ ನಿಜ: ದೊಡ್ಡ ಅಂಕಿಯ ಕೆಲಸದಲ್ಲೇ ಹೆಚ್ಚು ಉಳಿಯುತ್ತದೆ ಎನ್ನಲಾಗದು.

ಹಾಗೆಂದು ನಾವು ತೋಟದ ಕೆಲಸಕ್ಕೇ ವಕಾಲತ್ತು ವಹಿಸುತ್ತಿಲ್ಲ. ಎರಡನೇ ವರ್ಷ, ಐದನೇ ವರ್ಷ ಸಂಬಳ ಎಷ್ಟಾಗುತ್ತದೆ ಎಂಬುದನ್ನೂ ಕೇಳಬೇಕು. ಅಲ್ಲಿ ಪಟ್ಟಣದ ಕೆಲಸದ ಕೈ ಮೇಲಾಗಬಹುದು. ಇನ್ನು, ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಾಗ ಕಂಪನಿಯ ಕ್ವಾರ್ಟರ್ಸ್‌ಗಳ ಒಂದಿಡೀ ಊರೇ ಖಾಲಿಯಾಗುತ್ತಾ ಬಂದದ್ದನ್ನು ಕಳಸದ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ.

ಹೋಂಸ್ಟೇ, ರೆಸಾರ್ಟ್ ಕೆಲಸಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಗಂಟೆಯದ್ದು. ‘15,000 ಸಂಬಳ, ಊಟ, ವಸತಿ’ ಎಂದು ಸೇರಿಕೊಂಡು, ವಾರದ ರಜೆಯೂ ಇಲ್ಲದೆ ದಿನಕ್ಕೆ 12 ಗಂಟೆ ದುಡಿದರೆ ತಿಂಗಳಿಗೆ 360 ಗಂಟೆ. ಗಂಟೆಗೆ 42 ರೂಪಾಯಿಯೂ ಬೀಳುವುದಿಲ್ಲ. ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನದ 12,500ರ ಕೆಲಸದಲ್ಲಿ ಗಂಟೆಗೆ 60 ರೂಪಾಯಿ. ಕಾನೂನಿನ ಪ್ರಕಾರ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಓವರ್‌ಟೈಮ್ ಕೊಡಬೇಕು. ಕೊಡುತ್ತಾರೋ ಇಲ್ಲವೋ ಎಂದು ಸೇರುವ ಮುಂಚೆ ಅಲ್ಲಿ ಈಗ ದುಡಿಯುತ್ತಿರುವವರನ್ನೇ ಕೇಳಿ. ಮಾಲೀಕರನ್ನು ಕೇಳಿದರೆ ಸಿಗುವ ಉತ್ತರವೇ ಬೇರೆ.

ಕೊಯ್ಲಿನ ಕಾಲದ ‘ದಿನಕ್ಕೆ ಸಾವಿರ’ ಎಂಬ ಮಾತೂ ಹೀಗೆಯೇ. ಹಣ್ಣು ಕುಯ್ಯುವ ಕೂಲಿ ಬಹಳ ಕಡೆ ಕೆ.ಜಿ. ಲೆಕ್ಕ. ಗಿಡದ ತುಂಬ ಹಣ್ಣಿರುವಾಗ ಕೈ ಚುರುಕಿದ್ದವರು ಚೆನ್ನಾಗಿ ದುಡಿಯುತ್ತಾರೆ. ಆದರೆ ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆ ದಿನಗೂಲಿಯನ್ನು 30ರಿಂದ ಗುಣಿಸಿ ತಿಂಗಳ ಸಂಬಳ ಎನ್ನುವುದು, ಅದನ್ನೇ ಮತ್ತೆ 12ರಿಂದ ಗುಣಿಸುವುದು ಎರಡೂ ತಪ್ಪು ಲೆಕ್ಕ.

ಸರ್ಕಾರಿ ಕೆಲಸ ಎಂಬ ಸಂದೇಶ ಬಂದರೆ

‘ಪೋಸ್ಟ್ ಆಫೀಸಿನಲ್ಲಿ ಪರೀಕ್ಷೆಯಿಲ್ಲದೆ ಕೆಲಸ’ ಎಂಬ ಸಂದೇಶವನ್ನು ಸುಳ್ಳೆಂದು ಅಳಿಸಿಬಿಡುವವರಿದ್ದಾರೆ. ಇದು ನಿಜವಾಗಿಯೂ ಇದೆ. ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ 10ನೇ ತರಗತಿಯ ಅಂಕಗಳ ಮೇಲೆಯೇ ಆಯ್ಕೆ. ಪರೀಕ್ಷೆಯೂ ಇಲ್ಲ, ಸಂದರ್ಶನವೂ ಇಲ್ಲ. ಘಟ್ಟದ ಹಳ್ಳಿಗಳ ಶಾಖಾ ಅಂಚೆ ಕಚೇರಿಗಳು ನಡೆಯುವುದೇ ಇವರಿಂದ. ಆದರೆ ಸಂಬಳದ ಅಂಕಿಯಲ್ಲಿ ಉಪ್ಪು ಖಾರ ಸೇರುತ್ತದೆ. ಬ್ರ್ಯಾಂಚ್ ಪೋಸ್ಟ್ ಮಾಸ್ಟರ್‌ಗೆ 12,000ದಿಂದ 29,380, ಸಹಾಯಕ ಬ್ರ್ಯಾಂಚ್ ಪೋಸ್ಟ್ ಮಾಸ್ಟರ್ ಮತ್ತು ಡಾಕ್ ಸೇವಕರಿಗೆ 10,000ದಿಂದ 24,470 ಎಂಬುದು ಶ್ರೇಣಿ. ಹೊಸಬರು ನಿಲ್ಲುವುದು ಮೊದಲ ಮೆಟ್ಟಿಲಲ್ಲಿ, 12,000 ಅಥವಾ 10,000ದಲ್ಲಿ. ಅದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಶ್ರೇಣಿಯ ಕೊನೆಯ ಅಂಕಿಯನ್ನು ‘ಆರಂಭಿಕ ಸಂಬಳ’ ಎಂದು ಬರೆಯುವುದು ಫಾರ್ವರ್ಡ್‌ಗಳ ಹಳೆಯ ಚಾಳಿ. ಕೆಲಸವೂ ದಿನಕ್ಕೆ 4ರಿಂದ 5 ಗಂಟೆಯದ್ದು, ಪೂರ್ಣಾವಧಿ ಕೇಂದ್ರ ನೌಕರಿ ಅಲ್ಲ. ಮನೆಯ ಹತ್ತಿರ ಇದ್ದು ಸ್ವಲ್ಪ ತೋಟ ನೋಡಿಕೊಳ್ಳುವವರಿಗೆ ಇದಕ್ಕಿಂತ ಹೊಂದುವ ಕೆಲಸ ಕಡಿಮೆ ಎಂದೇ ನಮ್ಮ ಅಭಿಪ್ರಾಯ.

ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 7ನೇ ವೇತನ ಆಯೋಗದ ನಂತರ, 2024ರ ಆಗಸ್ಟ್ 1ರಿಂದ, 17,000ದಿಂದ 27,000ಕ್ಕೆ ಏರಿತು. ಈ 27,000 ಈಗ ಎಲ್ಲ ಸಂದೇಶಗಳಲ್ಲೂ ಕಾಣಿಸಿಕೊಳ್ಳುತ್ತಿದೆ. ಆಸ್ಪತ್ರೆಯಲ್ಲೋ ಹಾಸ್ಟೆಲ್‌ನಲ್ಲೋ ಏಜೆನ್ಸಿ ಮೂಲಕ ಸೇರುವ ಹೊರಗುತ್ತಿಗೆ ಕೆಲಸಕ್ಕೆ ಈ ವೇತನ ಶ್ರೇಣಿ ಅನ್ವಯಿಸುವುದಿಲ್ಲ. ಕೂರುವ ಕಟ್ಟಡ ಸರ್ಕಾರದ್ದಾದರೂ ಸಂಬಳ ಕೊಡುವುದು ಏಜೆನ್ಸಿ. ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡಿದರೆ ವಿಷಯ ತಿಳಿಯುತ್ತದೆ. ಹೊಸ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ, ಕೇಳಲು ಸಂಕೋಚ ಬೇಡ.

ಕಾಫಿ ಮಂಡಳಿಯ ಹೆಸರು ಸಂದೇಶದಲ್ಲಿ ಕಂಡರೆ ನಮ್ಮ ಕಡೆಯವರು ಬೇಗ ನಂಬುತ್ತಾರೆ. ಅದಕ್ಕೆ ಕಾರಣವಿದೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಈ ಜಿಲ್ಲೆಯ ಕಣ್ಣೆದುರಿನ ಸಂಸ್ಥೆ. ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ, ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಹುದ್ದೆ ಇದ್ದರೆ ಅದರದೇ ಜಾಲತಾಣದಲ್ಲಿ ಅಧಿಸೂಚನೆ ಇರುತ್ತದೆ. ಜಾಲತಾಣದ ವಿಳಾಸ ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯಬೇಕು. ‘ಗವ್’ ಎಂಬುದು ವಿಳಾಸದ ನಡುವೆ ಎಲ್ಲೋ ಇದ್ದು ಕೊನೆಗೆ ‘ಡಾಟ್ ಕಾಮ್’ ಅಥವಾ ಇನ್ನೇನೋ ಇದ್ದರೆ ಅದು ಸರ್ಕಾರದ್ದಲ್ಲ. ಇನ್ನು, ಕಾಫಿಯಲ್ಲೇ ಒಳ್ಳೆಯ ಸಂಬಳದ ದಾರಿ ಹುಡುಕುವ ವಿಜ್ಞಾನ ಅಥವಾ ಕೃಷಿ ವಿಜ್ಞಾನದ ಪದವೀಧರರು ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಬಗ್ಗೆ ವಿಚಾರಿಸಬಹುದು. ಕಪ್ ಟೇಸ್ಟಿಂಗ್, ರೋಸ್ಟಿಂಗ್ ಕಲಿತವರಿಗೆ ಕ್ಯೂರಿಂಗ್ ವರ್ಕ್ಸ್ ಮತ್ತು ರಫ್ತು ಕಂಪನಿಗಳಲ್ಲಿ ಕೆಲಸ ಇದೆ. ತೋಟದ ನಡುವೆಯೇ ಬೆಳೆದ ಮಕ್ಕಳಿಗೆ ಇಂಥದೊಂದು ಓದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಹಣ ಕೇಳಿದ ಕೂಡಲೇ

ಸರ್ಕಾರಿ ಹುದ್ದೆಗೆ ಅರ್ಜಿ ಶುಲ್ಕ ಇರುತ್ತದೆ. ಡಾಕ್ ಸೇವಕ್ ಅರ್ಜಿಗೆ ಅದು 100 ರೂಪಾಯಿ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಅದೂ ಇಲ್ಲ. ಈ ಹಣ ಹೋಗುವುದು ಅಧಿಕೃತ ಜಾಲತಾಣದ ಮೂಲಕ, ಯಾರದೋ ಫೋನ್‌ಪೇ ನಂಬರಿಗಲ್ಲ. ‘ರಿಜಿಸ್ಟ್ರೇಷನ್’, ‘ಯೂನಿಫಾರ್ಮ್’, ‘ಟ್ರೇನಿಂಗ್ ಕಿಟ್’, ‘ಲ್ಯಾಪ್‌ಟಾಪ್ ಡಿಪಾಸಿಟ್, ಮೊದಲ ಸಂಬಳದ ಜೊತೆ ವಾಪಸ್’ ಎಂದು ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ವಿಡಿಯೊಗೆ ಲೈಕ್ ಒತ್ತಿದರೆ ದುಡ್ಡು ಎಂಬ ಟೆಲಿಗ್ರಾಂ ‘ಕೆಲಸ’ದಲ್ಲಿ ಮೊದಲು ನೂರೋ ಇನ್ನೂರೋ ನಿಜವಾಗಿಯೇ ಬರುತ್ತದೆ. ಆಮೇಲೆ ದೊಡ್ಡ ಟಾಸ್ಕ್‌ಗೆ ನೀವೇ ಹಣ ಹಾಕಬೇಕು, ಅದು ಹಿಂದಿರುಗುವುದಿಲ್ಲ. ‘ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂಬುದು ಎಲ್ಲಕ್ಕಿಂತ ಅಪಾಯದ್ದು. ಬೇರೆಯವರಿಂದ ದೋಚಿದ ಹಣ ಆ ಖಾತೆಗೆ ಬಂದಾಗ ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರರ ಮನೆಗೆ.

‘ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ, 80 ಸಾವಿರ’ ಎಂಬ ಮಾತನ್ನು ನಂಬಿ ಹೋದ ಭಾರತದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಲಾಗಿತ್ತು. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ವಿದೇಶದ ಕೆಲಸಕ್ಕೆ ಕಳುಹಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ಅವರು ಪಡೆಯಬಹುದಾದ ಗರಿಷ್ಠ ಶುಲ್ಕ 30,000 ಮತ್ತು ಜಿಎಸ್‌ಟಿ. ಲಕ್ಷ ಕೇಳಿದವರು, ವಿಸಿಟ್ ವೀಸಾದಲ್ಲಿ ಕಳುಹಿಸುವೆ ಎಂದವರು ಕಾನೂನಿನ ದಾರಿಯಲ್ಲಿಲ್ಲ.

ಹಣ ಆಗಲೇ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ, ಮನೆಯವರು ಬೈಯುತ್ತಾರೆಂದು ಎರಡು ದಿನ ಕಾಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಇನ್ನೂ ವಂಚಕರ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಸಾಧ್ಯ, ಅವರು ಅದನ್ನು ಬೇರೆ ಬೇರೆ ಖಾತೆಗಳಿಗೆ ಹಂಚಿದ ಮೇಲೆ ಕಷ್ಟ. ಚಾಟ್ ಅಳಿಸಬೇಡಿ, ಹಣ ಕಳುಹಿಸಿದ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗಾಗಲೇ ಕೆಲಸಕ್ಕೆ ಸೇರಿದವರೂ ಒಂದು ಪರೀಕ್ಷೆ ಮಾಡಬಹುದು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಕಾಣಿಸುತ್ತದೆ, ಆದರೆ ಅದು ಜಮಾ ಆಗಿದೆಯೇ? ಪಿಎಫ್‌ನ ಯುಎಎನ್‌ಗೆ ಜೋಡಿಸಿದ ಮೊಬೈಲ್‌ನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಬಾರಿ ಜಮಾ ಆದ ಹಣ ಮತ್ತು ಒಟ್ಟು ಬಾಕಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ.