ಚಿಕಿತ್ಸಾ ಮನೋವಿಜ್ಞಾನದ ಪಿಎಚ್.ಡಿ.: ಒಂದು ಅರ್ಜಿಯ ಹಿಂದಿನ ಇತಿಹಾಸ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಫಾರಸು ಪತ್ರ ಕೇಳಿಕೊಂಡು ಮನೆಗೆ ಬಂದಳು. ಬಿ.ಎಸ್‌ಸಿ.ಯಲ್ಲಿ ನನ್ನ ಬಳಿ ಭೌತವಿಜ್ಞಾನ ಓದಿದ್ದವಳು ಅನಂತರ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದಳು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಚಿಕಿತ್ಸಾ ಮನೋವಿಜ್ಞಾನದ, ಅಂದರೆ ಕ್ಲಿನಿಕಲ್ ಸೈಕಾಲಜಿಯ, ಪಿಎಚ್.ಡಿ.ಗೆ ಅರ್ಜಿ ಹಾಕುವುದಿತ್ತು. ಅರ್ಜಿಯ ಜೊತೆಗೆ ಕಳಿಸಬೇಕಾದ ಉದ್ದೇಶಪತ್ರವನ್ನು ನನಗೆ ತೋರಿಸಿದಳು. ನೊಂದವರಿಗೆ ನೆರವಾಗಬೇಕೆಂಬ ಹಂಬಲ ಸಾಲುಸಾಲಿನಲ್ಲೂ ಇತ್ತು. ನಾನು ಮೆಚ್ಚಿಕೊಂಡು, 'ಸಹನೆಯುಳ್ಳವಳು, ಪರರ ಕಷ್ಟಕ್ಕೆ ಮಿಡಿಯುವವಳು' ಎಂದು ಒಂದು ಪುಟ ಬರೆದುಕೊಟ್ಟೆ. ಅರ್ಜಿ ಹಾಕಿದ ಕಡೆಯಲ್ಲೆಲ್ಲ ನಿರಾಕರಣೆಯೇ ಬಂತು. ಸಂದರ್ಶನಕ್ಕೂ ಯಾರೂ ಕರೆಯಲಿಲ್ಲ.

ಎಲ್ಲಿ ತಪ್ಪಿತು ಎಂದು ತಿಳಿಯಲು ಆ ಪದವಿಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಅದು ನನ್ನನ್ನು ಕೊಂಡೊಯ್ದು ನಿಲ್ಲಿಸಿದ್ದು ಒಬ್ಬ ಭೌತವಿಜ್ಞಾನಿಯ ಬಾಗಿಲಿಗೆ!

ಜರ್ಮನಿಯ ಲೈಪ್‌ಜಿಗ್‌ನಲ್ಲಿ 1834ರಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದ ಗುಸ್ತಾವ್ ಫೆಕ್ನರ್, ಕಣ್ಣಿನ ಬೇನೆಯಿಂದ ಆ ಹುದ್ದೆಯನ್ನು ಬಿಡಬೇಕಾಯಿತು. ಮುಂದೆ ಅವನು ಮನಸ್ಸನ್ನು ಅಳೆಯಲು ಹೊರಟ. ಬೆಳಕು, ಭಾರ ಮೊದಲಾದ ಪ್ರಚೋದನೆಗಳು ಹೆಚ್ಚಿದಂತೆ ನಮ್ಮ ಸಂವೇದನೆ ಲಾಗರಿತಮ್ ಕ್ರಮದಲ್ಲಿ ಹೆಚ್ಚುತ್ತದೆ ಎಂದು 1860ರಲ್ಲಿ ಪ್ರಕಟಿಸಿದ. ಅದೇ ಊರಿನಲ್ಲಿ 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಮನೋವಿಜ್ಞಾನದ ಪ್ರಯೋಗಾಲಯ ತೆರೆದ. ಈ ವುಂಟ್ ಹಿಂದೆ ಹೆಲ್ಮ್‌ಹೋಲ್ಟ್ಸ್‌ನ ಸಹಾಯಕನಾಗಿದ್ದವನು. ಶಕ್ತಿ ಸಂರಕ್ಷಣೆಯ ಪಾಠ ಮಾಡುವ ನಾವು ಹೆಲ್ಮ್‌ಹೋಲ್ಟ್ಸ್‌ನನ್ನು ನಮ್ಮವನೆಂದೇ ಭಾವಿಸಿರುತ್ತೇವೆ. ಮನೋವಿಜ್ಞಾನಿಗಳಿಗೂ ಅವನ ಮೇಲೆ ಅಷ್ಟೇ ಹಕ್ಕಿದೆ.

ವುಂಟ್‌ನ ಬಳಿ ಕಲಿತು 1892ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಮರಳಿದವನು ಲೈಟ್ನರ್ ವಿಟ್ಮರ್. 1896ರ ಮಾರ್ಚ್‌ನಲ್ಲಿ ಶಾಲಾ ಶಿಕ್ಷಕಿಯೊಬ್ಬಳು 14 ವರ್ಷದ ಹುಡುಗನನ್ನು ಅವನ ಬಳಿ ಕರೆತಂದಳು. ಹುಡುಗ ಬೇರೆ ವಿಷಯಗಳಲ್ಲಿ ಚುರುಕು, ಆದರೆ ಪದಗಳ ಅಕ್ಷರಜೋಡಣೆ ಮಾತ್ರ ಎಷ್ಟು ತಿದ್ದಿದರೂ ಸರಿಹೋಗದು. ಮನೋವಿಜ್ಞಾನ ನಿಜವಾಗಿ ವಿಜ್ಞಾನವಾಗಿದ್ದರೆ ಇದಕ್ಕೊಂದು ದಾರಿ ತೋರಿಸಬೇಕಲ್ಲವೆ ಎಂಬುದು ಶಿಕ್ಷಕಿಯ ನಿರೀಕ್ಷೆ. ವಿಟ್ಮರ್ ಪುಸ್ತಕಗಳಲ್ಲಿ ಹುಡುಕಿದ. ಯಾರೂ ಈ ತೊಂದರೆಯನ್ನು ಕೈಗೆತ್ತಿಕೊಂಡಿರಲಿಲ್ಲ. ತಾನೇ ಪರೀಕ್ಷಿಸಿದಾಗ ಹುಡುಗನ ದೃಷ್ಟಿಯಲ್ಲಿ ದೋಷ ಕಂಡಿತು. ಕನ್ನಡಕ ಹಾಕಿಸಿದರು. ತೊಂದರೆ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ವಿಶೇಷ ಪಾಠಕ್ರಮ ರೂಪಿಸಿ, ಫಲಿತಾಂಶವನ್ನು ಗಮನಿಸುತ್ತ ಹೋದ. ಅದೇ ವರ್ಷ ಅವನ ಪ್ರಯೋಗಾಲಯದ ಪಕ್ಕದಲ್ಲೇ ಚಿಕಿತ್ಸಾಲಯ ಆರಂಭವಾಯಿತು. 1907ರಲ್ಲಿ ತನ್ನದೇ ನಿಯತಕಾಲಿಕ ತೆರೆದು, ಅದರ ಮೊದಲ ಲೇಖನದಲ್ಲಿ ಈ ಕ್ಷೇತ್ರಕ್ಕೆ 'ಕ್ಲಿನಿಕಲ್ ಸೈಕಾಲಜಿ' ಎಂದು ಹೆಸರಿಟ್ಟ. ಓದುಗರಲ್ಲಿ ಶಿಕ್ಷಕರಾದವರು ಗಮನಿಸಬೇಕು: ಈ ಶಾಸ್ತ್ರದ ಮೊದಲ ಪ್ರಶ್ನೆ ಬಂದದ್ದು ತರಗತಿಯಿಂದ.

ಎರಡನೆಯ ಮಹಾಯುದ್ಧದ ತನಕ ಇದು ಸಣ್ಣ ತೊರೆ. ಯುದ್ಧ ಮುಗಿದಾಗ ಮನಸ್ಸು ಜರ್ಜರಿತವಾದ ಸಾವಿರಾರು ಸೈನಿಕರು ಹಿಂತಿರುಗಿದರು. ಮನೋವೈದ್ಯರು ಸಾಲದಾದರು. ಮಾಜಿ ಸೈನಿಕರ ಆರೈಕೆಗೆಂದೇ ಇದ್ದ ಸರ್ಕಾರಿ ಸಂಸ್ಥೆ 1946ರಲ್ಲಿ ಹಣ ಕೊಟ್ಟು, ಚಿಕಿತ್ಸಾ ಮನೋವಿಜ್ಞಾನಿಗಳನ್ನು ತಯಾರಿಸಲು ವಿಶ್ವವಿದ್ಯಾಲಯಗಳನ್ನು ಕೇಳಿತು. ತಯಾರಿಸುವುದು ಹೇಗೆ? ವೈದ್ಯರಂತೆ ಆಸ್ಪತ್ರೆಯಲ್ಲೋ, ನಮ್ಮ ಹಾಗೆ ಪ್ರಯೋಗಾಲಯದಲ್ಲೋ?

ಇದನ್ನು ತೀರ್ಮಾನಿಸಲು 1949ರ ಆಗಸ್ಟ್ ಕೊನೆಯಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ 70ಕ್ಕೂ ಹೆಚ್ಚು ಜನ ಎರಡು ವಾರ ಕುಳಿತು ಚರ್ಚಿಸಿದರು. ತೀರ್ಮಾನವೇನೆಂದರೆ, ಚಿಕಿತ್ಸಾ ಮನೋವಿಜ್ಞಾನಿ ಮೊದಲು ಸಂಶೋಧಕನಾಗಬೇಕು, ಜೊತೆಗೆ ಒಂದು ವರ್ಷ ಚಿಕಿತ್ಸಾಲಯದಲ್ಲಿ ತರಬೇತಿ ಪಡೆಯಬೇಕು, ಪದವಿ ಪಿಎಚ್.ಡಿ. ಆಗಿರಬೇಕು. ಇದರ ಕಾರಣ ನನಗೆ ಬಹಳ ಹಿಡಿಸಿತು. ತಮ್ಮ ಬಳಿ ಇರುವ ಚಿಕಿತ್ಸಾ ವಿಧಾನಗಳಲ್ಲಿ ಯಾವುದು ನಿಜಕ್ಕೂ ಫಲಕಾರಿ ಎಂದು ತಮಗೇ ಖಚಿತವಿಲ್ಲವೆಂದು ಅವರು ಒಪ್ಪಿಕೊಂಡಿದ್ದರು. ಖಚಿತವಿಲ್ಲದ್ದನ್ನು ಬರೀ ಕಲಿಸಿ ಕಳಿಸಿದರೆ ಸಾಲದು, ಪರೀಕ್ಷಿಸಬಲ್ಲವರನ್ನು ತಯಾರಿಸಬೇಕು ಎಂಬುದು ಅವರ ವಾದ.

ಮೂರೇ ವರ್ಷದಲ್ಲಿ ಪೆಟ್ಟು ಬಿತ್ತು. 1952ರಲ್ಲಿ ಲಂಡನ್ನಿನ ಹ್ಯಾನ್ಸ್ ಐಸೆಂಕ್, 24 ವರದಿಗಳಲ್ಲಿದ್ದ 7000ಕ್ಕೂ ಹೆಚ್ಚು ರೋಗಿಗಳ ಅಂಕಿಅಂಶ ಕೂಡಿಸಿ, ಮನೋಚಿಕಿತ್ಸೆ ಪಡೆಯದವರಲ್ಲೂ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷದಲ್ಲಿ ತಾವಾಗಿ ಸುಧಾರಿಸುತ್ತಾರೆ ಎಂದ. ನೀವು ಗೈಗರ್ ಕೌಂಟರ್ ಬಳಸಿದ್ದರೆ ವಿಷಯ ತಕ್ಷಣ ಹೊಳೆಯುತ್ತದೆ. ವಿಕಿರಣಶೀಲ ಆಕರವನ್ನು ಇಡುವ ಮೊದಲು ಹಿನ್ನೆಲೆ ಎಣಿಕೆಯನ್ನು ತೆಗೆದುಕೊಳ್ಳಬೇಕು. ಅದನ್ನು ಕಳೆಯದೆ ಬಂದ ಸಂಖ್ಯೆಗೆ ಅರ್ಥವಿಲ್ಲ. ಮನೋಚಿಕಿತ್ಸಕರು ಹಿನ್ನೆಲೆ ಎಣಿಕೆಯನ್ನು ಕಳೆದಿರಲಿಲ್ಲ. ಐಸೆಂಕ್‌ನ ಲೆಕ್ಕದಲ್ಲೂ ಹುಳುಕುಗಳಿದ್ದವು. (ವ್ಯಕ್ತಿತ್ವಕ್ಕೂ ಕ್ಯಾನ್ಸರಿಗೂ ಸಂಬಂಧ ಕಲ್ಪಿಸಿದ ಅವನ ಬೇರೆ ಹಲವು ಲೇಖನಗಳನ್ನು ಪತ್ರಿಕೆಗಳು 2020ರಲ್ಲಿ ಹಿಂತೆಗೆದುಕೊಂಡವು.) ಆದರೆ ಅವನೆತ್ತಿದ ಪ್ರಶ್ನೆ ಗಟ್ಟಿಯಾಗಿತ್ತು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಶೇಕಡ 75 ಜನರಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾನೆ ಎಂದು ತೋರಿಸಿದರು. ಉತ್ತರ ಸಿಕ್ಕಿದ್ದು ಅನುಕಂಪದಿಂದಲ್ಲ, ಲೆಕ್ಕದಿಂದ.

ಎಲ್ಲರಿಗೂ ಸಂಶೋಧನೆ ಬೇಕೆ ಎಂಬ ಗೊಣಗಾಟವೂ ನಡೆದೇ ಇತ್ತು. 1968ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ವೃತ್ತಿನಿರತರಿಗಾಗಿ ಸೈ.ಡಿ. ಎಂಬ ಬೇರೆ ಪದವಿ ಆರಂಭಿಸಿತು. 1973ರ ವೇಲ್ ಸಮ್ಮೇಳನ ಆ ದಾರಿಯನ್ನು ಒಪ್ಪಿತು. ಇನ್ನೊಂದು ಬಣ ಸಂಶೋಧನೆಯನ್ನು ಇನ್ನಷ್ಟು ಬಿಗಿಹಿಡಿದು, 1995ರಲ್ಲಿ ತನ್ನದೇ ಅಕಾಡೆಮಿ ಕಟ್ಟಿತು. ನನ್ನ ವಿದ್ಯಾರ್ಥಿನಿ ತಟ್ಟಿದ್ದು ಈ ಎರಡನೆಯ ಬಾಗಿಲು. ಬರೆದದ್ದು ಮೊದಲನೆಯ ಬಾಗಿಲಿಗೆ ತಕ್ಕ ಪತ್ರ.

ಅವಳ ತಪ್ಪೂ ಸಹಜವೇ. ನಮ್ಮಲ್ಲಿ ಈ ಶಿಕ್ಷಣ ಬೆಳೆದದ್ದು ಆಸ್ಪತ್ರೆಯ ಅಂಗಳದಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷ ಅಲ್ಲಿ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮ ತೊಡಗಿತು. ಮುಂದೆ ಅದೇ ಎಂ.ಫಿಲ್. ಆಯಿತು. 1974ರಲ್ಲಿ ಆ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆದವು. ಹೀಗಾಗಿ ಚಿಕಿತ್ಸಾ ಮನೋವಿಜ್ಞಾನ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ರೋಗಿ, ದತ್ತಾಂಶವಲ್ಲ.

ಸಂಶೋಧನಾ ಪಿಎಚ್.ಡಿ.ಯಲ್ಲಿ ಸಾಮಾನ್ಯವಾಗಿ ವಿಭಾಗ ವರ್ಷಕ್ಕೆ ಕೆಲವರನ್ನಷ್ಟೇ ತೆಗೆದುಕೊಳ್ಳುತ್ತದೆ. ಬಹುತೇಕ ಕಡೆ ಶುಲ್ಕ ಮನ್ನಾ ಮಾಡಿ ವೇತನವನ್ನೂ ಕೊಡುತ್ತಾರೆ. ಅಭ್ಯರ್ಥಿ ಅರ್ಜಿ ಹಾಕುವುದು ಹೆಸರಿಗೆ ವಿಶ್ವವಿದ್ಯಾಲಯಕ್ಕೆ. ವಾಸ್ತವದಲ್ಲಿ ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ. ಅವರು ನೋಡುವುದು ಇಷ್ಟು: ಈಕೆಯ ಪ್ರಶ್ನೆ ಯಾವುದು, ಅದು ನಮ್ಮ ಕೆಲಸಕ್ಕೆ ಹೊಂದುತ್ತದೆಯೆ, ದತ್ತಾಂಶದೊಡನೆ ಕೈ ಕೆಸರು ಮಾಡಿಕೊಂಡ ಅನುಭವವಿದೆಯೆ?

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಎರಡು ವರ್ಷ ಸಂಶೋಧನಾ ಸಹಾಯಕಿಯಾಗಿ ದುಡಿದಳು. ಖಿನ್ನತೆಯಿಂದ ಗುಣವಾದವರಲ್ಲಿ ಕೆಲವರಿಗೆ ಮಾತ್ರ ಅದು ಮರುಕಳಿಸುವುದೇಕೆ ಎಂಬ ಪ್ರಶ್ನೆ ಅವಳನ್ನು ಹಿಡಿಯಿತು. ಆ ಬಗ್ಗೆ ಕೆಲಸ ಮಾಡುತ್ತಿದ್ದ ಪ್ರಾಧ್ಯಾಪಕರ ಲೇಖನಗಳನ್ನು ಓದಿ, ಹೊಸ ಉದ್ದೇಶಪತ್ರ ಬರೆದಳು.

ನಾನೂ ನನ್ನ ಪತ್ರವನ್ನು ಹೊಸದಾಗಿ ಬರೆದೆ. ಬಿ.ಎಸ್‌ಸಿ.ಯಲ್ಲಿ ಲೀ ತಟ್ಟೆಯ ಪ್ರಯೋಗ ಮಾಡುವಾಗ ಅವಳಿಗೆ ಉಷ್ಣವಾಹಕತೆಯ ಬೆಲೆ ಪುಸ್ತಕದ್ದಕ್ಕಿಂತ ಕಡಿಮೆ ಬಂದಿತ್ತು. ಉಳಿದವರು ಇಂಥ ಕಡೆ ಅಂಕಿಗಳನ್ನು 'ಸರಿಪಡಿಸಿ' ರೆಕಾರ್ಡ್ ಮುಗಿಸುತ್ತಾರೆ. ಇವಳು ಮೂರು ದಿನ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಳು. ಮೊದಲ ದಿನ ತಟ್ಟೆಯ ಉಷ್ಣತೆ ಸ್ಥಿರವಾಗುವಾಗ ಮೇಲಿನ ಫ್ಯಾನ್ ತಿರುಗುತ್ತಿತ್ತು, ತಟ್ಟೆ ತಣಿಯುವಾಗ ಕರೆಂಟ್ ಹೋಗಿ ನಿಂತಿತ್ತು ಎಂದು ಕಂಡುಹಿಡಿದಳು. ಮೊದಲ ಸಲ ಪತ್ರ ಬರೆಯುವಾಗ ಇದು ನನಗೆ ನೆನಪಿಗೇ ಬಂದಿರಲಿಲ್ಲ.

ಈ ಸಲ ಸಂದರ್ಶನಕ್ಕೆ ಕರೆ ಬಂತು, ಸೀಟೂ ಸಿಕ್ಕಿತು. "ಸರ್, ಅವರು ಮೊದಲು ಕೇಳಿದ್ದೇ ಆ ಫ್ಯಾನಿನ ವಿಷಯ" ಎಂದು ಫೋನಿನಲ್ಲಿ ಹೇಳಿದಳು.