ಸೂಜಿಯ ಅಭಾವ, ಸೋಂಕಿನ ವೇಗ: ಮಣಿಪುರದಲ್ಲಿ ಹಾನಿ ತಗ್ಗಿಸುವ ನೀತಿ ಹುಟ್ಟಿದ ಬಗೆ

ಮಣಿಪುರದ ಯುವಕರ ಕೈಗೆ ‘ನಂಬರ್ ಫೋರ್’ ಎಂಬ ಬಿಳಿ ಹೆರಾಯಿನ್ ಸಿಗತೊಡಗಿದ್ದು 1980ರ ದಶಕದ ಆರಂಭದಲ್ಲಿ. ಬರ್ಮಾ ಗಡಿಯ ಮೋರೆ ಪಟ್ಟಣದಿಂದ ಇಂಫಾಲಕ್ಕೆ ಸುಮಾರು 110 ಕಿ.ಮೀ. ದಾರಿ. ಗಡಿಯಾಚೆ ತಯಾರಾದ ಮಾಲು ಈ ಹೆದ್ದಾರಿಯಲ್ಲೇ ಇಳಿದು ಬರುತ್ತಿತ್ತು. ದೆಹಲಿಯಂಥ ನಗರಗಳಲ್ಲಿ ಬ್ರೌನ್ ಶುಗರಿನ ಹೊಗೆ ಎಳೆದುಕೊಳ್ಳುವವರೇ ಹೆಚ್ಚಿದ್ದರೆ, ಇಲ್ಲಿನ ಶುದ್ಧ ಪುಡಿ ನೀರಿನಲ್ಲಿ ಸಲೀಸಾಗಿ ಕರಗುತ್ತಿದ್ದುದರಿಂದ ನೇರವಾಗಿ ರಕ್ತನಾಳಕ್ಕೇ ಹೋಯಿತು.

1989ರ ಸೆಪ್ಟೆಂಬರ್‌ವರೆಗೆ ಈ ವ್ಯಸನಿಗಳ ರಕ್ತಪರೀಕ್ಷೆಗಳಲ್ಲಿ ಎಚ್‌ಐವಿ ಕಂಡಿರಲಿಲ್ಲ. ಅಲ್ಲಿಂದ ಆರು ತಿಂಗಳೊಳಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸೋಂಕಿತರಾಗಿದ್ದರು. ಈ ವೇಗಕ್ಕೆ ಹೆರಾಯಿನ್ ಒಂದನ್ನೇ ಹೊಣೆ ಮಾಡಿದರೆ ಚರಿತ್ರೆಯ ಮುಖ್ಯ ಭಾಗವೇ ಕೈತಪ್ಪುತ್ತದೆ. 1985ರ ಮಾದಕವಸ್ತು ಕಾಯ್ದೆಯ ನಂತರ ಜೇಬಿನಲ್ಲಿ ಸಿಕ್ಕ ಸಿರಿಂಜು ಪೊಲೀಸರ ಕಣ್ಣಿಗೆ ಅಪರಾಧದ ಗುರುತಾಯಿತು. ಔಷಧಿ ಅಂಗಡಿಯವರು ಮಾರಲು ಹಿಂಜರಿದರು. ವ್ಯಸನಿಗಳ ಕಾಲಿಗೆ ಗುಂಡು ಹೊಡೆದು ‘ಶಿಕ್ಷೆ’ ಕೊಡುವ ಬಂಡುಕೋರ ಗುಂಪುಗಳ ಭಯ ಬೇರೆ.

ಆಗ ಬಳಕೆಗೆ ಬಂದ ಸಾಧನವೆಂದರೆ ಪೆನ್ನಿಗೆ ಶಾಯಿ ತುಂಬುವ ಡ್ರಾಪರ್. ಅದರ ತುದಿಗೆ ಸೂಜಿ ಸಿಕ್ಕಿಸಿ, ರಬ್ಬರ್ ಬುರುಡೆ ಅದುಮಿ ಚುಚ್ಚಿಕೊಳ್ಳುತ್ತಿದ್ದರು. ಬೆರಳು ಸಡಿಲಿಸಿದೊಡನೆ ರಕ್ತ ಒಳಕ್ಕೆ ಎಳೆದುಕೊಂಡು ಬರುತ್ತದೆ. ರಬ್ಬರಿನ ಒಳಮೈ, ಸೂಜಿಯ ಬುಡ ಎರಡರಲ್ಲೂ ಉಳಿದುಬಿಡುತ್ತದೆ. ಬರೀ ನೀರಿನಲ್ಲಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. ಒಂದೇ ಡ್ರಾಪರ್ ನಾಲ್ಕೈದು ಜನರ ಕೈ ದಾಟಿದರೆ ಮೊದಲನೆಯವನ ಸೋಂಕು ಕೊನೆಯವನವರೆಗೂ ತಲುಪಬಲ್ಲದು.

ಇದಕ್ಕೆ ಕೆಲವೇ ವರ್ಷ ಮೊದಲು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹೀಗೆಯೇ ಆಗಿತ್ತು. ಅಲ್ಲಿ ಸಿರಿಂಜು ಮಾರಾಟಕ್ಕೆ ತಡೆ ಬಿದ್ದು, ಪೊಲೀಸರ ಜಪ್ತಿ ಬಿಗಿಯಾಗಿ, ಜನ ಸೂಜಿ ಹಂಚಿಕೊಳ್ಳತೊಡಗಿದ್ದರು. 1986ರಲ್ಲಿ ವೈದ್ಯ ರಾಯ್ ರಾಬರ್ಟ್‌ಸನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ವ್ಯಸನಿಗಳ ಪೈಕಿ 51% ಮಂದಿಗೆ ಸೋಂಕಿತ್ತು. ಹತ್ತಿರದ ಗ್ಲಾಸ್ಗೊದಲ್ಲೂ ಹೆರಾಯಿನ್ ಹಾವಳಿಯಿತ್ತು, ಆದರೆ ಸೋಂಕು ಎಡಿನ್‌ಬರೋಗಿಂತ ಬಹಳ ಕಡಿಮೆ. ಸೂಜಿಯ ಅಭಾವವೇ ಸೋಂಕನ್ನು ಹರಡುತ್ತದೆಂಬ ಈ ಪಾಠ ಇಂಫಾಲಕ್ಕೆ ಸಕಾಲದಲ್ಲಿ ತಲುಪಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತೆಂದೇ ನನ್ನ ನಂಬಿಕೆ. ಸೋಂಕು ವ್ಯಸನಿಗಳಲ್ಲೇ ನಿಲ್ಲಲಿಲ್ಲ. ಸೋಂಕಿತ ವ್ಯಸನಿಗಳ ಪತ್ನಿಯರನ್ನು ಕುರಿತು 2000ದಲ್ಲಿ ಪ್ರಕಟವಾದ ಮಣಿಪುರದ ಅಧ್ಯಯನದಲ್ಲಿ, ಎಂದೂ ಸೂಜಿ ಚುಚ್ಚಿಕೊಳ್ಳದ ಆ ಹೆಂಗಸರ ಪೈಕಿ ಸುಮಾರು 45% ಮಂದಿಗೆ ಎಚ್‌ಐವಿ ತಗುಲಿತ್ತು.

ಪರಿಹಾರದ ಕಡೆಗೆ ಮೊದಲು ಹೆಜ್ಜೆ ಇಟ್ಟವರು ವ್ಯಸನದಿಂದ ಹೊರಬಂದವರೇ. 1991ರಲ್ಲಿ ಇಂಫಾಲದಲ್ಲಿ ಅಂಥವರು ಕಟ್ಟಿದ ‘ಸಾಸೊ’ ಸಂಸ್ಥೆ ಮುಂದೆ ಸೂಜಿ ಬದಲಾವಣೆಯ ಕೆಲಸಕ್ಕೂ ಇಳಿಯಿತು: ಬಳಸಿದ್ದನ್ನು ವಾಪಸು ಪಡೆದು ಹೊಸದನ್ನು ಕೊಡುವುದು, ಬಾವು ಕಟ್ಟಿದ ಗಾಯಕ್ಕೆ ಪಟ್ಟಿ ಹಾಕುವುದು. ವ್ಯಸನ ಬಿಡಲಿ ಬಿಡದಿರಲಿ, ಮನುಷ್ಯ ಮೊದಲು ಬದುಕಿರಬೇಕೆಂಬುದು ಈ ಕೆಲಸದ ತಳಹದಿ. 1996ರಲ್ಲಿ ಮಣಿಪುರ ಸರ್ಕಾರ ತನ್ನ ಏಡ್ಸ್ ನೀತಿಯಲ್ಲೇ ಇದನ್ನು ಒಪ್ಪಿಕೊಂಡಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಹೆರಾಯಿನ್‌ಗೆ ಬದಲಾಗಿ ನಾಲಿಗೆಯಡಿ ಇಟ್ಟುಕೊಳ್ಳುವ ಬ್ಯೂಪ್ರಿನಾರ್ಫಿನ್ ಮಾತ್ರೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ್ದು 2007ರ ನಂತರ.

ಪೂರೈಕೆಗೆ ಕಡಿವಾಣ ಹಾಕಿದಾಗಲೂ ಹಾನಿ ರೂಪ ಬದಲಿಸಿಕೊಂಡಿತು. ಹೆರಾಯಿನ್ ತುಟ್ಟಿಯಾದಾಗ ಈಶಾನ್ಯದಲ್ಲಿ ಸ್ಪಾಸ್ಮೊಪ್ರಾಕ್ಸಿವಾನ್ ಎಂಬ ನೋವಿನ ಕ್ಯಾಪ್ಸೂಲಿನ ಪುಡಿಯನ್ನೇ ಚುಚ್ಚಿಕೊಂಡರು. ಅದು ಸರಿಯಾಗಿ ಕರಗದೆ ರಕ್ತನಾಳ ಮುಚ್ಚಿ, ಕೀವಾಗಿ, ಕೆಲವರ ಕೈಕಾಲು ಕತ್ತರಿಸುವ ಸ್ಥಿತಿ ತಂದಿತು.

ಸೂಜಿ ಹಂಚುವವರ ಮೇಲೆ ಮಾತ್ರ ಅಪರಾಧಕ್ಕೆ ನೆರವಾದ ಆರೋಪದ ಕತ್ತಿ ತೂಗುತ್ತಲೇ ಇತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಮು ಅವರಿಗೆ ಸ್ಪಷ್ಟ ರಕ್ಷಣೆ ಕೊಟ್ಟಿತು. ಅದು ಜಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ. ರಾಜ್ಯದ ನೀತಿಗೂ ದೇಶದ ಕಾನೂನಿಗೂ ನಡುವೆ ಎರಡು ದಶಕ ಕಳೆದಿತ್ತು. ಅದೇ ವರ್ಷ ಹೆಪಟೈಟಿಸ್ ಸಿ ರೋಗಕ್ಕೆ ಉಚಿತ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. ಹಳೆಯ ಸೂಜಿಗಳಿಂದ ಬಂದ ಈ ವೈರಸ್ಸನ್ನು ಎಷ್ಟೋ ಜನ ವರ್ಷಗಟ್ಟಲೆ ಯಕೃತ್ತಿನಲ್ಲಿ ಹೊತ್ತು ಬದುಕಿದ್ದರು.

ಈ ನೀತಿ ಇನ್ನೂ ಪೂರ್ತಿ ಹೊಕ್ಕಿರದ ಜಾಗವೆಂದರೆ ಜೈಲು. ಭಾರತದ ಜೈಲುಗಳಲ್ಲಿ ಸೂಜಿ ಬದಲಾವಣೆಯ ವ್ಯವಸ್ಥೆಯಿಲ್ಲ. ಒಳಗಿದ್ದಾಗ ಹೆರಾಯಿನ್‌ಗೆ ದೇಹದ ತಾಳಿಕೆಯೂ ಕುಗ್ಗಿರುತ್ತದೆ. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಲ್ಲುವ ಅಪಾಯ ಅತಿ ಹೆಚ್ಚು. ಅದನ್ನು ತಡೆಯಬಲ್ಲ ನಲೋಕ್ಸೋನ್ ಔಷಧವನ್ನು ಜೈಲಿನ ಬಾಗಿಲಲ್ಲೇ, ಬಿಡುಗಡೆಯಾದವರನ್ನು ಕರೆದೊಯ್ಯಲು ಬಂದ ಮನೆಯವರ ಕೈಗೆ, ಬಳಸುವ ಕ್ರಮ ತಿಳಿಸಿ ಕೊಡಬೇಕು.