ಮಿನಿಟ್ಸ್ ಬರೆಯುತ್ತಿದ್ದ ಶಾಂತಿದೂತ: ಕ್ರಿಶ್ಚಿಯನ್ ಲಾಂಗೆ ಕಥೆ

ನಮ್ಮ ಕಾಲೇಜಿನ ಸೆಮಿನಾರ್ ಹಾಲ್ ಗೋಡೆ ಮೇಲೆ ಒಂದು ಪೋಸ್ಟರ್ ಇತ್ತು. ತಂತ್ರಜ್ಞಾನವನ್ನು ಆಳಿನ ಜಾಗದಲ್ಲೇ ಇಟ್ಟುಕೊಳ್ಳಬೇಕು, ಯಜಮಾನನಾಗೋಕೆ ಬಿಡಬಾರದು ಅನ್ನೋ ಅರ್ಥದ ಇಂಗ್ಲಿಷ್ ಮಾತು. ಕೆಳಗೆ ಕ್ರಿಶ್ಚಿಯನ್ ಲೂಸ್ ಲಾಂಗೆ ಅಂತ ಹೆಸರು. ಬಿ.ಕಾಂ. ಮೂರು ವರ್ಷ ಅದರ ಕೆಳಗೇ ಕೂತಿದ್ದೆ. ಯಾರೋ ಕಂಪ್ಯೂಟರ್ ವಿಜ್ಞಾನಿ ಇರಬೇಕು ಅಂದ್ಕೊಂಡಿದ್ದೆ.

ಅಲ್ಲ. ಅವರು ನಾರ್ವೆಯವರು, ಓದಿದ್ದು ಇತಿಹಾಸ. ಆ ಮಾತು 1921ರ ಡಿಸೆಂಬರ್‌ನಲ್ಲಿ ಅವರು ಕೊಟ್ಟ ನೊಬೆಲ್ ಉಪನ್ಯಾಸದ್ದು. ವಿಷಯ ಯುದ್ಧ, ಸೇನಾವಾದ, ದೇಶದೇಶಗಳ ಸಂಬಂಧ. ಅದು ಈಗ ಮೊಬೈಲ್ ಚಟದ ಬಗ್ಗೆ ಹೇಳಿದ್ದು ಅನ್ನೋ ಹಾಗೆ ಓಡಾಡ್ತಿದೆ.

ಲಾಂಗೆ ಹುಟ್ಟಿದ್ದು 1869ರಲ್ಲಿ, ಸ್ಟಾವಾಂಗರ್ ಅನ್ನೋ ಬಂದರು ಊರಲ್ಲಿ. ಅಪ್ಪ ಸೇನೆಯಲ್ಲಿ ಎಂಜಿನಿಯರ್. ಮಗ ಬದುಕಿಡೀ ಸೇನೆ ಕಡಿಮೆ ಮಾಡಿ ಅಂತ ಓಡಾಡಿದ. ಶುರುವಿನಲ್ಲಿ ಹೈಸ್ಕೂಲ್ ಮೇಷ್ಟ್ರು. 1899ರಲ್ಲಿ ಅಂತರ ಸಂಸದೀಯ ಒಕ್ಕೂಟ, ಅಂದ್ರೆ ಬೇರೆ ಬೇರೆ ದೇಶಗಳ ಸಂಸದರ ಸಂಘ, ಈಗಿನ ಓಸ್ಲೋದಲ್ಲಿ ಸಮ್ಮೇಳನ ಇಟ್ಟುಕೊಂಡಿತು. ವ್ಯವಸ್ಥೆ ನೋಡ್ಕೊಳ್ಳೋಕೆ ಒಬ್ಬ ಕಾರ್ಯದರ್ಶಿ ಬೇಕಿತ್ತು. ಮೇಷ್ಟ್ರು ಸಿಕ್ಕಿದರು. ಮರುವರ್ಷ ನಾರ್ವೆಯ ನೊಬೆಲ್ ಸಮಿತಿಗೆ ಕಾರ್ಯದರ್ಶಿ. 1907ರ ಎರಡನೇ ಹೇಗ್ ಶಾಂತಿ ಸಮ್ಮೇಳನದಲ್ಲಿ ನಾರ್ವೆ ನಿಯೋಗದ ತಾಂತ್ರಿಕ ಪ್ರತಿನಿಧಿ. 1909ರಿಂದ 1933ರವರೆಗೆ ಅದೇ ಸಂಸದೀಯ ಒಕ್ಕೂಟಕ್ಕೆ ಪ್ರಧಾನ ಕಾರ್ಯದರ್ಶಿ.

ಕಾಮರ್ಸ್ ಓದಿದವರಿಗೆ ಈ ಜಾತಿಯ ಮನುಷ್ಯ ಗೊತ್ತು. ಕಂಪನಿ ಸೆಕ್ರೆಟರಿ! ನೋಟಿಸ್ ಕಳಿಸೋದು, ಕೋರಂ ಇದೆಯಾ ನೋಡೋದು, ಮಿನಿಟ್ಸ್ ಬರೆಯೋದು. ವಾರ್ಷಿಕ ವರದಿಯ ಫೋಟೋದಲ್ಲಿ ಡೈರೆಕ್ಟರ್‌ಗಳಿರ್ತಾರೆ, ಇವರಿರಲ್ಲ.

1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿತು. ಒಕ್ಕೂಟದ ಕಚೇರಿ ಇದ್ದದ್ದು ಬ್ರಸೆಲ್ಸ್‌ನಲ್ಲಿ. ಲಾಂಗೆ ಅಲ್ಲಿಂದ ಹೊರಟು ತಮ್ಮ ಊರಿಗೆ ಬಂದು ಓಸ್ಲೋದಿಂದಲೇ ಕಚೇರಿ ನಡೆಸಿದರು. ಸದಸ್ಯರು ಯಾರು? ಪರಸ್ಪರ ಗುಂಡು ಹಾರಿಸುತ್ತಿದ್ದ ದೇಶಗಳ ಸಂಸದರು. 1913ರ ನಂತರ ಮುಂದಿನ ಸಮ್ಮೇಳನ ಸೇರಿದ್ದು 1921ರಲ್ಲಿ. ಎಂಟು ವರ್ಷ ಎಜಿಎಂ ಇಲ್ಲ ಅಂದ್ರೆ ನಮ್ಮಲ್ಲಿ ಕಂಪನಿ ಹೆಸರೇ ರಿಜಿಸ್ಟರಿಂದ ಹೊಡೆದು ಹಾಕಬಹುದು. ಈ ಸಂಸ್ಥೆ ಉಳೀತು. ನನಗಂತೂ ಅವರ ನೊಬೆಲ್‌ಗಿಂತ ಇದೇ ದೊಡ್ಡ ಕೆಲಸ ಅನ್ಸುತ್ತೆ.

ಆ ನೊಬೆಲ್ ಬಗ್ಗೆಯೂ ಒಂದು ಮಾತು. 1921ರ ಶಾಂತಿ ಪ್ರಶಸ್ತಿಯನ್ನು ಸ್ವೀಡನ್ನಿನ ಯಾಲ್ಮಾರ್ ಬ್ರಾಂಟಿಂಗ್ ಜೊತೆ ಹಂಚಿಕೊಂಡರು. ನಾರ್ವೆ ಸ್ವೀಡನ್ನಿನಿಂದ ಯುದ್ಧವಿಲ್ಲದೆ ಬೇರೆಯಾಗಿ ಹದಿನಾರು ವರ್ಷ ಆಗಿತ್ತು, ಜೋಡಿ ಚೆನ್ನಾಗಿದೆ. ಆದ್ರೆ ಕೊಟ್ಟ ಸಮಿತಿಗೆ ಇವರೇ ಹಿಂದೆ ಕಾರ್ಯದರ್ಶಿ ಆಗಿದ್ದವರಲ್ವಾ? ಆಡಿಟರ್ ಆಗಿದ್ದಿದ್ರೆ ನಾನು ಒಂದು ಟಿಪ್ಪಣಿ ಹಾಕ್ತಿದ್ದೆ.

ಅಷ್ಟು ಹೊತ್ತಿಗೆ ರಾಷ್ಟ್ರಸಂಘ, ಅಂದ್ರೆ ಲೀಗ್ ಆಫ್ ನೇಷನ್ಸ್, ಶುರುವಾಗಿತ್ತು. ಅದರ ಒಡಂಬಡಿಕೆಯ 8ನೇ ವಿಧಿಯಲ್ಲಿ, ದೇಶಗಳು ತಮ್ಮ ಭದ್ರತೆಗೆ ಬೇಕಾದ ಕನಿಷ್ಠ ಮಟ್ಟಕ್ಕೆ ಶಸ್ತ್ರಾಸ್ತ್ರ ಇಳಿಸಬೇಕು ಅಂತ ಒಪ್ಪಿಕೊಂಡಿದ್ದವು. 1920ರಿಂದ ಸಾಯೋವರೆಗೂ ಲಾಂಗೆ ಅಲ್ಲಿ ನಾರ್ವೆಯ ಪ್ರತಿನಿಧಿ ಅಥವಾ ಬದಲಿ ಪ್ರತಿನಿಧಿ. ಅವರ ಮುಖ್ಯ ವಿಷಯ ಮಧ್ಯಸ್ಥಿಕೆ ಮತ್ತು ಶಸ್ತ್ರಾಸ್ತ್ರ ನಿಯಂತ್ರಣ.

ದೊಡ್ಡ ಪರೀಕ್ಷೆ ಬಂದದ್ದು 1932ರ ಫೆಬ್ರವರಿ 2ಕ್ಕೆ. ಲಾಂಗೆ ಕಚೇರಿ ಇದ್ದ ಜಿನೀವಾದಲ್ಲೇ ವಿಶ್ವ ನಿಶ್ಶಸ್ತ್ರೀಕರಣ ಸಮ್ಮೇಳನ ಶುರುವಾಯ್ತು. ಶುರುವಾಗಿದ್ದೇ ಒಂದು ಗಂಟೆ ತಡವಾಗಿ. ಯಾಕಂದ್ರೆ ಜಪಾನ್ ಶಾಂಘೈ ಮೇಲೆ ದಾಳಿ ಮಾಡ್ತಿತ್ತು, ರಾಷ್ಟ್ರಸಂಘದ ಕೌನ್ಸಿಲ್ ಮೊದಲು ಅದಕ್ಕೆ ತುರ್ತು ಸಭೆ ಸೇರಬೇಕಾಯ್ತು. ಆಮೇಲೆ ತಿಂಗಳುಗಟ್ಟಲೆ ಒಂದೇ ಜಗಳ: ಯಾವ ಆಯುಧ ದಾಳಿಯದ್ದು, ಯಾವುದು ರಕ್ಷಣೆಯದ್ದು? ನನ್ನ ಹತ್ರ ಇದ್ರೆ ರಕ್ಷಣೆ, ನಿನ್ನ ಹತ್ರ ಇದ್ರೆ ದಾಳಿ. 1933ರಲ್ಲಿ ಬ್ರಿಟನ್ ಒಂದು ಕರಡು ತಂತು. ವಿಮಾನದಿಂದ ಬಾಂಬ್ ಹಾಕೋದನ್ನ ನಿಷೇಧಿಸೋಣ, ಆದ್ರೆ ದೂರದ ಕೆಲವು ಪ್ರದೇಶಗಳಲ್ಲಿ ಪೊಲೀಸ್ ಕೆಲಸಕ್ಕೆ ವಿನಾಯಿತಿ ಇರಲಿ ಅಂತ ಅದರಲ್ಲಿತ್ತು. ಆ ಕಾಲದಲ್ಲಿ ಬ್ರಿಟಿಷರು ಬಾಂಬ್ ಹಾಕುತ್ತಿದ್ದ ದೂರದ ಪ್ರದೇಶಗಳಲ್ಲಿ ಭಾರತದ ವಾಯವ್ಯ ಗಡಿಯೂ ಒಂದು. ಭಾರತ ಆಗ ರಾಷ್ಟ್ರಸಂಘದ ಸದಸ್ಯ ದೇಶ ಬೇರೆ! ಅದೇ ವರ್ಷ ಅಕ್ಟೋಬರ್‌ನಲ್ಲಿ ಹಿಟ್ಲರನ ಜರ್ಮನಿ ಸಮ್ಮೇಳನದಿಂದ ಎದ್ದು ಹೋಯ್ತು.

ಇನ್ನು 1936. ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ರೈನ್‌ಲ್ಯಾಂಡ್ ಹೊಕ್ಕಿತು, ಮೇ ತಿಂಗಳಲ್ಲಿ ಇಟಲಿ ಅಡಿಸ್ ಅಬಾಬಾ ಹಿಡಿಯಿತು. ಆ ವರ್ಷ ರಾಷ್ಟ್ರಸಂಘದ ಮಹಾಸಭೆಯಲ್ಲಿ ಶಸ್ತ್ರಾಸ್ತ್ರ ಕಡಿತದ ಸಮಿತಿಗೆ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಲಾಂಗೆ. ಮೊದಲ ಸಲ ಓದಿದಾಗ ನಗು ಬಂತು, ಸುಳ್ಳು ಹೇಳಲ್ಲ.

ಆದ್ರೆ ಅದೇ ಹೊತ್ತಿಗೆ ಅವರು ನೊಬೆಲ್ ಸಮಿತಿಯ ಸದಸ್ಯರೂ ಹೌದು, 1934ರಿಂದ. ಜರ್ಮನಿ ಗುಟ್ಟಾಗಿ ವಾಯುಪಡೆ ಕಟ್ಟುತ್ತಿದೆ ಅಂತ 1929ರಲ್ಲೇ ಲೇಖನ ಪ್ರಕಟಿಸಿ ದೇಶದ್ರೋಹದ ಶಿಕ್ಷೆ ಅನುಭವಿಸಿದ ಸಂಪಾದಕ ಕಾರ್ಲ್ ಫಾನ್ ಒಸಿಯೆಟ್ಸ್ಕಿ. ನಾಜಿಗಳು ಬಂದ ಮೇಲೆ ಯಾತನಾ ಶಿಬಿರಕ್ಕೆ ಹಾಕಿದ್ದರು. ಪ್ರಶಸ್ತಿ ಕೊಟ್ಟರೆ ಬರ್ಲಿನ್ ಕೆರಳುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಸಮಿತಿಯ ಇಬ್ಬರು, ವಿದೇಶಾಂಗ ಸಚಿವ ಕೂಟ್ ಮತ್ತು ಮಾಜಿ ಪ್ರಧಾನಿ ಮೋವಿಂಕೆಲ್, ಈ ತೀರ್ಮಾನದಿಂದ ಹೊರಗುಳಿದರು. ಲಾಂಗೆ ಉಳಿದರು. 1936ರ ನವೆಂಬರ್‌ನಲ್ಲಿ, ತಡೆಹಿಡಿದಿದ್ದ 1935ರ ಪ್ರಶಸ್ತಿ ಒಸಿಯೆಟ್ಸ್ಕಿಗೆ ಹೋಯ್ತು. ಹಿಟ್ಲರ್ ಜರ್ಮನ್ನರು ಇನ್ನು ಯಾವ ನೊಬೆಲ್ಲನ್ನೂ ತಗೋಬಾರದು ಅಂತ ಆಜ್ಞೆ ಮಾಡಿದ. ಆ ಸಮಿತಿಯ ಕಾಗದದ ಕೆಲಸ ಅಷ್ಟರಮಟ್ಟಿಗೆ ಚುಚ್ಚಿತ್ತು. ನನ್ನ ನಗು ನಿಂತಿದ್ದು ಇಲ್ಲಿ.

ಲಾಂಗೆ 1938ರ ಡಿಸೆಂಬರ್ 11ಕ್ಕೆ ತೀರಿಕೊಂಡರು. ಹದಿನಾರು ತಿಂಗಳ ನಂತರ ಜರ್ಮನಿ ನಾರ್ವೆಯನ್ನೇ ಹಿಡಿಯಿತು. ಅವರ ಮಗ ಹಾಲ್ವಾರ್ ಸಾಕ್ಸನ್‌ಹೌಸನ್ ಶಿಬಿರ ಸೇರಿದರು, ಬದುಕಿ ಬಂದರು, 1946ರಲ್ಲಿ ವಿದೇಶಾಂಗ ಸಚಿವರಾದರು. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ನಾಟೋ ಒಪ್ಪಂದಕ್ಕೆ ನಾರ್ವೆ ಪರವಾಗಿ ಸಹಿ ಹಾಕಿದ್ದು ಅವರೇ. ಅಪ್ಪನಿಗೆ ದ್ರೋಹ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದ್ರೆ ಸಹಿಗೆ ಎರಡು ತಿಂಗಳ ಮುಂಚೆ ನಾರ್ವೆ ಸೋವಿಯತ್ ಒಕ್ಕೂಟಕ್ಕೆ ಲಿಖಿತವಾಗಿ ತಿಳಿಸಿತ್ತು: ನಮ್ಮ ಮೇಲೆ ದಾಳಿ ಅಥವಾ ದಾಳಿಯ ಬೆದರಿಕೆ ಬರದ ಹೊರತು ನಮ್ಮ ನೆಲದಲ್ಲಿ ಪರದೇಶದ ಸೈನ್ಯಕ್ಕೆ ನೆಲೆ ಕೊಡಲ್ಲ ಅಂತ. ಆ ಪತ್ರ ಹೋದಾಗಲೂ ವಿದೇಶಾಂಗ ಸಚಿವರು ಹಾಲ್ವಾರ್ ಲಾಂಗೆಯೇ.